ಭಾವನ ಹುರುಪು, ಬಡಗಣ ಹಗ್ಗ

ನನ್ನ ಹೆಂಡತಿಯ ಅಣ್ಣನಿಗೆ ಹುರುಪು ಜಾಸ್ತಿ. ಮುಂಬೈಯ ಹೋಟೆಲಿನಲ್ಲಿ ದುಡಿದು ಊರಿಗೆ ಮರಳಿದ ಈ ಭಾವ, ಬೈಂದೂರಿನ ನಮ್ಮ ಕೈರಂಪಣಿ ತಂಡಕ್ಕೆ ಸೇರಿದ ಮೂರನೇ ದಿನಕ್ಕೇ ಕೊರಳಿಗೆ ಸೀಟಿ ಕಟ್ಟಿಕೊಂಡರು. ತಂಡದ ಯಜಮಾನ ನಾನು. ಹೆಸರಿಗೆ.

ಕೈರಂಪಣಿಯೆಂದರೆ ದಡದಲ್ಲಿ ನಿಂತು ಎಳೆಯುವ ದೊಡ್ಡ ಬಲೆ. ದೋಣಿಯವರು ಕಡಲಲ್ಲಿ ಬಲೆಯನ್ನು ಕಮಾನಿನಂತೆ ಬಳಸಿ ಬಿಟ್ಟು ಬಂದ ಮೇಲೆ, ತೆಂಕಣ ಹಗ್ಗ ಒಂದು ಗುಂಪಿಗೆ, ಬಡಗಣ ಹಗ್ಗ ಇನ್ನೊಂದಕ್ಕೆ. ಎರಡೂ ಸಮವಾಗಿ ಬರಬೇಕು. ಬಡಗು ಬದಿಯಲ್ಲಿ ನಾನು, ನನ್ನ ದೊಡ್ಡಮ್ಮ, ಅವಳ ವಯಸ್ಸಿನ ಏಳೆಂಟು ಜನ. ಅಪ್ಪನ ಕಾಲದಿಂದಲೂ ನಿಂತ ಜಾಗ, ಬಿಡುವವರಲ್ಲ.

ಆ ಬೆಳಿಗ್ಗೆ ಭಾವ ತೆಂಕು ಬದಿಯ ಗಟ್ಟಿಗರನ್ನು ಸೇರಿಕೊಂಡು ಶುರುವಿಟ್ಟರು. “ಎಳಿನಿ, ಎಳಿನಿ! ಎಂತ, ಉಂಡ್ಕ ಬರ್ಲಿಲ್ಯಾ?” ಸೀಟಿ ಬೇರೆ. ಕಿವಿ ತೂತು ಬೀಳುವುದೊಂದು ಬಾಕಿ. ಅವರ ಹಗ್ಗ ಸರಸರ ಬಂತು, ನಮ್ಮದು ಹಿಂದೆ ಉಳಿಯಿತು. ಬಲೆ ವಾರೆಯಾಗಿ, ಕಣ್ಣೆದುರೇ ಬಂಗುಡೆ ಹಿಂಡು ನಮ್ಮ ಬದಿಯಿಂದ ಜಾರಿಹೋಯಿತು.

“ನಿಮ್ ಬದಿಯವ್ರಿಗೆ ಹುಮ್ಮಸ್ಸೇ ಇಲ್ಲೆ ಮರಾಯ್ರೆ!” ಎಂದರು ಭಾವ. ನನಗೆ ಮೈಯೆಲ್ಲ ಉರಿಯಿತು.

ದೊಡ್ಡಮ್ಮ ಹಗ್ಗ ಕೆಳಗಿಟ್ಟಳು. “ನಾಳೆಯಿಂದ ನಾ ಬಪ್ಪುದಿಲ್ಲೆ.” ಉಳಿದವರೂ ಅವಳ ಹಿಂದೆಯೇ ಹೊರಟರು. ಅವರಿಲ್ಲದಿದ್ದರೆ ಬಲೆ ಎಳೆಯಲು ಜನ ಸಾಲದು. ಅಪ್ಪ ಕಟ್ಟಿದ ತಂಡ ಅಲ್ಲಿಗೇ ಮುಗಿದಂತೆ.

ಮನೆಯಲ್ಲಿ ಗಂಜಿ ಊಟಕ್ಕೆ ಕೂತು, ಎದುರಿಗಿಲ್ಲದ ಭಾವನಿಗೆ ಬಾಯಿಗೆ ಬಂದಂತೆ ಬೈದೆ. ಹೆಂಡತಿ ಉಪ್ಪಿನಕಾಯಿ ಬಡಿಸಿ ಕೇಳಿದಳು: “ನನ್ ಹತ್ರ ಎಂತಕ್ ಕೂಗ್ತ್ರಿ? ಅಲ್ ಬಾಯಗೆ ಕಡುಬು ತುಂಬ್ಕಂಡ್ ನಿಂತಿದ್ರ್ಯಾ?”

ಮರುದಿನ ದೊಡ್ಡಮ್ಮನ ಕೈಕಾಲು ಹಿಡಿದು ಎಲ್ಲರನ್ನೂ ದಡಕ್ಕೆ ಕರೆತಂದೆ. ಭಾವನ ಮುಂದೆ ಕೈ ಚಾಚಿದೆ. “ಭಾವ, ಸೀಟಿ ಕೊಡಿ. ನೀವ್ ಬಡಗ್ ಬದಿಗೆ, ದೊಡ್ಡಮ್ಮನ್ ಹಿಂದೆ ನಿಲ್ಲಿ. ಅವ್ಳ್ ಹೆಜ್ಜೆ ಕಂಡ್ಕಂಡ್ ಕೂಗಿ.”

ಭಾವನ ಮುಖ ಊದಿತು. ಆದರೂ ನಿಂತರು, ಕೂಗಿದರು. ಆ ಗಂಟಲಿಗೆ ದೊಡ್ಡಮ್ಮನ ಕಾಲೂ ಚುರುಕಾಯಿತು ಎಂಬುದನ್ನು ಒಪ್ಪಲೇಬೇಕು. ಹಗ್ಗಗಳೆರಡೂ ಜೊತೆಯಾಗಿ ದಡಕ್ಕೆ ಬಂದವು. ಮೀನು ಮಾತ್ರ ಎರಡು ಬುಟ್ಟಿ.

ದೊಡ್ಡಮ್ಮ ಬೆವರೊರೆಸಿಕೊಂಡು ನನ್ನನ್ನೇ ನೋಡಿದಳು. “ಇದನ್ನ್ ನಿನ್ನೆ ಹೇಳುಕೆ ನಿಂಗ್ ಎಂತ ಆಯಿತ್?”

“ಬಾಯಗೆ ಕಡುಬು ತುಂಬ್ಕಂಡಿದ್ದೆ, ದೊಡ್ಡಮ್ಮ” ಎಂದೆ.

ಅವಳು ನಗಲಿಲ್ಲ.