ಮೊದಲ ಮೂರು ದಿನದ ಹಾಲು

ಹಡೆದ ಐದನೆಯ ದಿನ ಮಧ್ಯಾಹ್ನ ನನ್ನ ಬಲಗಡೆಯ ಎದೆ ಗಟ್ಟಿಯಾಯಿತು. ಮುಟ್ಟಿದರೆ ಕಲ್ಲು. ನೋವು ಇತ್ತು. ಆದರೆ ಅದು ಬಾಜು ಮನೆಯವರ ನೋವೇನೋ ಎಂಬಂತೆ ನಾನು ಹೊರಸಿನ ಮೇಲೆ ಸುಮ್ಮನೆ ಮಲಗಿದ್ದೆ. ಕೂಸು ಅಳುತ್ತಿತ್ತು. ಅದೂ ನನ್ನದಲ್ಲ ಅನಿಸುತ್ತಿತ್ತು.

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ. ಈಗ ಕೂಸಿಗೆ ಐದು ತಿಂಗಳು. ನಮ್ಮ ಕಾಕಾನ ಮಗಳು ಬಸುರಿ, ಏಳನೆಯ ತಿಂಗಳು ನಡೆದಿದೆ. ಅವಳಿಗೆ ಉಂಡಿ ಕಟ್ಟಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಇದನ್ನು ಹೇಳುವವರು ಯಾರೂ ಇಲ್ಲ.

ನನ್ನ ಬಾಣಂತನಕ್ಕೂ ತಯಾರಿ ಏನು ಕಡಿಮೆ ಇರಲಿಲ್ಲ. ಅಣ್ಣಿಗೇರಿಯ ಗಂಡನ ಮನೆಯಿಂದ ದುಮ್ಮವಾಡದ ತವರಿಗೆ ಬರುವುದರೊಳಗೆ ಅವ್ವ ಹಳೇ ಸೀರೆಗಳನ್ನು ಹರಿದು ಕೂಸಿನ ಬಟ್ಟೆ ಮಾಡಿದ್ದಳು, ಕೌದಿ ಹೊಲಿದಿದ್ದಳು, ಅಂಟಿನುಂಡಿಗೆ ಒಣಕೊಬ್ಬರಿ ತುರಿದಿಟ್ಟಿದ್ದಳು. ಹಾಲು ಹೆಚ್ಚಲೆಂದು ಹಿತ್ತಲಲ್ಲಿ ಸಬ್ಬಸಗಿ ಕೂಡ ಹಾಕಿದ್ದಳು. ಕೂಸನ್ನು ಎದೆಗೆ ಹಚ್ಚುವುದು ಹೇಗೆ ಎಂದು ಮಾತ್ರ ಯಾರೂ ಹೇಳಲಿಲ್ಲ. ನಾನೇ ಒಂದು ದಿನ ಆಯಿಯನ್ನು, ಅಂದರೆ ಅಪ್ಪನ ತಾಯಿಯನ್ನು, ಕೇಳಿದೆ. ಆಯಿ ಬಿದ್ದು ಬಿದ್ದು ನಕ್ಕಳು.

"ಅದನ್ನೇನ ಕಲಸ್ತಾರ ಹುಚ್ಚಿ? ಹಡದ ಮ್ಯಾಲೆ ತಾನಽ ಬರತೈತಿ."

ಬರಲಿಲ್ಲ.

ಮೊದಲ ಮೂರು ದಿನ ಪ್ರಯತ್ನ ಮಾಡುವುದಕ್ಕೂ ಬಿಡಲಿಲ್ಲ. ನಮ್ಮ ಮನೆಯಲ್ಲಿ ಬಾಣಂತಿಯ ಮೊದಲ ಮೂರು ದಿನದ ಹಾಲು ಕೆಟ್ಟ ಹಾಲು. ಹಳದಿ ಬಣ್ಣ, ಮಂದ, ಕೂಸಿಗೆ ಅರಗುವುದಿಲ್ಲ ಎಂದು ಆಯಿಯ ಮಾತು. ಹೊತ್ತಿಗೊಮ್ಮೆ ಬಟ್ಟಲಿಗೆ ಹಿಂಡಿ, ಯಾರೂ ತುಳಿಯದ ಕಡೆ ಗೋಡೆಯ ಬುಡಕ್ಕೆ ಚೆಲ್ಲಿ ಬರುತ್ತಿದ್ದಳು. ಕೂಸಿಗೆ ಔಡಲೆಣ್ಣೆ ನೆಕ್ಕಿಸಿ, ಅರಳೆಯ ಬತ್ತಿಯನ್ನು ಬೆಲ್ಲದ ನೀರಿನಲ್ಲಿ ಅದ್ದಿ ಬಾಯಿಗೆ ಇಡುತ್ತಿದ್ದರು. ನಾಲ್ಕನೆಯ ದಿನ ಎದೆಗೆ ಹಚ್ಚಿದರೆ ಅದು ಬಾಯಿ ತೆರೆದು ಬತ್ತಿಗಾಗಿ ಕಾಯುತ್ತಿತ್ತು. ಎಳೆಯುವುದೇ ಗೊತ್ತಿರಲಿಲ್ಲ. ನನಗೂ ಹಿಡಿಯುವುದು ಗೊತ್ತಿರಲಿಲ್ಲ. ತಾಯಿ ಮಗಳು ಇಬ್ಬರೂ ಒಬ್ಬರನ್ನೊಬ್ಬರು ಗುರುತಿಲ್ಲದವರಂತೆ ನೋಡಿದೆವು.

ಹಾಲು ಮಾತ್ರ ಉಕ್ಕಿ ಬಂದಿತ್ತು. ಹೋಗಲು ದಾರಿ ಇರಲಿಲ್ಲ.

"ಹಾಲಿಗೆ ನೆದರಾಗೇತಿ" ಎಂದಳು ಆಯಿ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಬಿಸಿ ಇಟ್ಟಂಗಿಯನ್ನು ಬಟ್ಟೆಯಲ್ಲಿ ಸುತ್ತಿ ಶಾಖ ಕೊಟ್ಟಳು. ಆರನೆಯ ದಿನ ಥಂಡಿ ಹತ್ತಿ ಜ್ವರ ಬಂತು. ಬಾಣಂತಿ ನೀರು ಕುಡಿದರೆ ಮೈ ಬಾತುಕೊಳ್ಳುತ್ತದೆ ಎಂದು ಗುಟುಕು ಗುಟುಕು ಲೆಕ್ಕದಲ್ಲಿ ಕೊಡುತ್ತಿದ್ದರು. ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ನಾನು ಕೇಳಲೂ ಇಲ್ಲ.

ಕೂಸಿಗೆ ಆಡಿನ ಹಾಲು ಕುಡಿಸಿದರು. ಭೇದಿ ಹತ್ತಿತು. ಎರಡು ದಿನದಲ್ಲಿ ತೊಡೆಯ ಚರ್ಮ ಸುಕ್ಕುಗಟ್ಟಿತು. ಅಳು ಸಣ್ಣದಾಯಿತು. ಅವ್ವ ಅದನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನ ಮುಖ ನೋಡುತ್ತಿದ್ದಳು. "ಒಂದ ಮಾತರ ಆಡಬೇ ಕೂಸಿನ ಕೂಡ" ಎನ್ನುತ್ತಿದ್ದಳು. ಕೂಸು ಉಳಿಯುವುದಿಲ್ಲ ಎಂದು ಅವಳಿಗೆ ಅನಿಸಿತ್ತು. ನನಗೂ ಅನಿಸಿತ್ತು. ಹಾಗೆ ಅನಿಸಿದಾಗ ದುಃಖ ಆಗಬೇಕಿತ್ತು, ಆಗಲಿಲ್ಲ. ನನ್ನೊಳಗೆ ಯಾರೋ ಬಾಗಿಲು ಹಾಕಿಕೊಂಡು ಹೋದ ಹಾಗಿತ್ತು.

ಎಂಟನೆಯ ದಿನ ನರ್ಸಬಾಯಿ ಬಂದರು. ಊರವರು ಬಾಯಾರು ಎನ್ನುವುದು ಅವರನ್ನೇ. ಮಿಶ್ರಿಕೋಟಿಯ ಕಡೆಯಿಂದ ಬಸ್ಸಿಗೆ ಬಂದು ಮನೆಮನೆ ತಿರುಗುವವರು. ಬಿಳಿ ಸೀರೆ, ಕೈಯಲ್ಲಿ ಚೀಲ, ಮಾತು ಅಗದಿ ಖಡಕ್. ಅದೇ ವಾರ ನಮ್ಮ ಎಮ್ಮೆ ಈದಿತ್ತು. ಮನೆಗೆ ಬಂದವರನ್ನು ಬರಿಗೈಲಿ ಕಳಿಸಬಾರದೆಂದು ಆಯಿ ಅವರ ಮುಂದೆ ತಾಟಿನಲ್ಲಿ ಗಿಣ್ಣ ಇಟ್ಟಳು. ಬಾಯಾರು ತಿನ್ನುತ್ತ ತಿನ್ನುತ್ತ ಎಲ್ಲ ಕೇಳಿದರು. ಮೂರು ದಿನದ ಹಾಲು ಚೆಲ್ಲಿದ್ದನ್ನು ಆಯಿ ಶಾಣೇತನದ ಕೆಲಸವೆಂಬಂತೆ ಹೇಳಿದಳು. ಬಾಯಾರು ತಾಟು ಕೆಳಗಿಟ್ಟರು.

"ಅಮ್ಮಾರ, ಈ ಗಿಣ್ಣದ ಹಾಲು ಕರಕ್ಕ ಬಿಟ್ಟೀರೋ ಇಲ್ಲೋ?"

"ಅಯ್ಯ, ಬಿಡದ ಹೆಂಗ್ರಿ ಬಾಯಾರ? ಮೊದಲ ಕರಕ್ಕ ಬಿಟ್ಟು, ಉಳಿದದ್ದ ಹಿಂಡೇವಿ. ಗಿಣ್ಣದ ಹಾಲು ಕುಡೀಲಿಲ್ಲಂದ್ರ ಕರಾ ಎದ್ದ ನಿಂದರತೈತೇನ್ರಿ?"

"ಮತ್ತ ಈ ಕೂಸಿಂದ ಯಾಕ ಚೆಲ್ಲಿದ್ರಿ?"

ಆಯಿ ತಾಟನ್ನು ಮತ್ತೆ ಅವರ ಮುಂದೆ ಸರಿಸಿದಳು.

"ಎಮ್ಮಿ ಬ್ಯಾರೆ, ಮನಷ್ಯಾರ ಬ್ಯಾರೆ" ಎಂದಳು. ದನಿಯಲ್ಲಿ ಮೊದಲಿನ ಗತ್ತು ಇರಲಿಲ್ಲ. ಎದ್ದು ಒಳಗೆ ಹೋದವಳು ಒಂದು ತಂಬಿಗೆ ನೀರು ತಂದು ನನ್ನ ಕೈಗೆ ಕೊಟ್ಟಳು. "ಕುಡಿ" ಎಂದಳು, ಅಷ್ಟೇ. ತಂಬಿಗೆ ಖಾಲಿಯಾಗುವವರೆಗೂ ನಿಂತೇ ಇದ್ದಳು.

ಬಾಯಾರು ನನ್ನ ಕುಪ್ಪಸ ಸರಿಸಿ ನೋಡಿದರು. ಥರ್ಮಾಮೀಟರ್ ಇಟ್ಟರು. "ಇದು ನೆದರಲ್ಲ, ಒಳಗ ಕೀವ ಆಗೇತಿ. ಇವತ್ತಽ ಕಲಘಟಗಿಗೆ ಹೋಗೂಣು" ಎಂದು ತಾವೇ ನಮ್ಮ ಜೊತೆ ಬಸ್ಸು ಹತ್ತಿದರು.

ಡಾಕ್ಟರು ಬೆರಳಿನಿಂದ ಒತ್ತಿ ನೋಡಿದರು.

"ಕೊಯ್ಯಬೇಕು."

ಟೇಬಲ್ಲಿನ ಮೇಲೆ ಮಲಗಿಸಿದರು. ಇಂಜೆಕ್ಷನ್ ಕೊಟ್ಟರು. ಗೋಡೆಯ ಮೇಲೆ ಕುಟುಂಬ ಯೋಜನೆಯ ಚಿತ್ರ ಇತ್ತು. ಅಪ್ಪ, ಅವ್ವ, ಎರಡು ಮಕ್ಕಳು, ಎಲ್ಲರೂ ನಗುತ್ತಿದ್ದರು. ಅವರನ್ನೇ ನೋಡುತ್ತಿದ್ದೆ. ಕೀವು ಟ್ರೇಗೆ ಬೀಳುವ ಸಪ್ಪಳ ಕೇಳಿಸಿತು. ಹಾಲು ಆಗಬೇಕಾದದ್ದು ಇದು ಎಂದುಕೊಂಡೆ. ಅಷ್ಟು ಬಿಟ್ಟು ಬೇರೆ ಏನೂ ಅನಿಸಲಿಲ್ಲ.

"ಎಡಗಡೆ ಕುಡಸ್ರಿ, ನಿಲ್ಲಸಬ್ಯಾಡ್ರಿ. ಬಲಗಡೇದು ಮುಂದ ನೋಡೂಣು" ಎಂದರು ಡಾಕ್ಟರು. ಜ್ವರದ ಹಾಲು ಕೂಸಿಗೆ ಹೇಗೆ ಕೊಡುವುದು ಎಂದು ಅವ್ವ ಅಂಜುತ್ತ ಕೇಳಿದಳು. "ಕೂಸಿಗೆ ಈಗ ಅದಽ ಔಷಧ" ಎಂದರು.

ಮನೆಗೆ ಬಂದ ಮೇಲೆ ನರ್ಸಬಾಯಿ ದಿನ ಬಿಟ್ಟು ದಿನ ಡ್ರೆಸಿಂಗ್ ಮಾಡಲು ಬರುತ್ತಿದ್ದರು. ಡ್ರೆಸಿಂಗ್ ಮುಗಿದರೂ ಹೋಗುತ್ತಿರಲಿಲ್ಲ. ಕೂಸನ್ನು ಅಡ್ಡ ಮಲಗಿಸಿಕೊಂಡರೆ ಅದರ ಕಾಲು ಗಾಯಕ್ಕೆ ತಾಗಿ ನಾನು ಬೆದರುತ್ತಿದ್ದೆ.

"ಕೆರಿಯಿಂದ ನೀರ ತಂದೀಯಿಲ್ಲ? ಕೊಡಾ ಹೆಂಗ ಹಿಡೀತಿದ್ದಿ?" ಎಂದು ಕೇಳಿದರು ಬಾಯಾರು.

"ಬಗಲಾಗರಿ."

"ಹಂಗಽ ಹಿಡಿ. ಕಾಲು ಹಿಂದ, ಮಾರಿ ಮುಂದ. ಕೊಡಾ ಬೀಳಸಿಲ್ಲಂದ್ರ ಕೂಸನ್ನೂ ಬೀಳಸೂದಿಲ್ಲ."

ಹತ್ತು ವರ್ಷದಿಂದ ಕೊಡ ಹೊತ್ತ ಕೈಗೆ ಅದನ್ನು ಯಾರೂ ಕಲಿಸಬೇಕಾಗಲಿಲ್ಲ. ಕೂಸು ಮಾತ್ರ ಮೊದಲ ದಿನ ತುಟಿ ಹಚ್ಚಿ ಬಿಟ್ಟಿತು. ಎರಡನೆಯ ದಿನವೂ ಬಿಟ್ಟಿತು. ಆಯಿ ಅರಳೆಯ ಬತ್ತಿಯನ್ನು ತಾನೇ ಒಲೆಗೆ ಎಸೆದಳು. ಹಿಂಡಿದ ಎದೆಹಾಲನ್ನು ಒಳಲೆಯಲ್ಲಿ ಕುಡಿಸಿ, ಹೊತ್ತಿಗೊಮ್ಮೆ ಎದೆಗೆ ಹಚ್ಚಿ ನೋಡುತ್ತಿದ್ದೆವು. ಭೇದಿ ನಿಂತಿತು. ಓಣಿಯ ಹೆಂಗಸರಿಗೆ ಆಯಿ ಹೇಳಿದ್ದೇ ಬೇರೆ: "ನೆದರಽ ಆಗಿತ್ತು, ಬಾಯಾರು ಬಿಡಿಸಿದ್ರು." ಬಾಯಾರು ಕೇಳಿ ನಕ್ಕರು, ತಿದ್ದಲು ಹೋಗಲಿಲ್ಲ.

ಬಲಗಡೆ ಈಗಲೂ ಹಾಲು ಕಡಿಮೆ. ಗಾಯದ ಗುರುತು ಇದೆ. ಚಳಿಗೆ ಸೆಳೆಯುತ್ತದೆ. ಒಂದು ಎದೆಯ ಹಾಲಿನಲ್ಲೂ ಕೂಸು ಮೈತುಂಬಿದೆ. ಆ ಮೂರು ದಿನದ ಹಾಲು ಚೆಲ್ಲದಿದ್ದರೆ ಏನಾಗುತ್ತಿತ್ತು ಎಂದು ಆಗಾಗ ಯೋಚಿಸುತ್ತೇನೆ. ಆಯಿಯ ಮೇಲೆ ಸಿಟ್ಟೂ ಬರುತ್ತದೆ. ಅವಳಿಗೂ ಅವಳ ಅತ್ತೆ ಹೀಗೇ ಮಾಡಿದ್ದಿರಬೇಕು.

ಕೊನೆಗೂ ಕೂಸು ಎದೆ ಹಿಡಿದದ್ದು ಇಪ್ಪತ್ತನೆಯ ದಿನ, ಬೆಳಗಿನ ನೀರು ಎರೆಯುವ ಕೆಲಸ ಮುಗಿದ ಮೇಲೆ. ಬಗಲಲ್ಲಿ ಇಟ್ಟುಕೊಂಡು ಎಲ್ಲೋ ನೋಡುತ್ತ ಕುಳಿತಿದ್ದೆ. ಒಮ್ಮೆಲೇ ಬಾಯಿ ಅಗಲ ಮಾಡಿ ಹಿಡಿದು ಜಗ್ಗಿತು. ಜೀವ ಹೋದಷ್ಟು ನೋವಾಯಿತು.

"ಏ ಹುಚ್ಚಿ! ಸಾವಕಾಶ ಕುಡಿಬೇ. ಯಾರ ಕಸಗೋತಾರ?"

ಒಲೆಯ ಮುಂದೆ ಇದ್ದ ಅವ್ವ ಓಡಿ ಬಂದಳು. ಹಡೆದ ಮೇಲೆ ನಾನು ಕೂಸಿಗೆ ಆಡಿದ ಮೊದಲ ಮಾತು ಅದು.

"ಅತ್ತೀ, ಬೈದ್ಲು ನೋಡ್ರಿ! ಕೂಸಿಗೆ ಬೈದ್ಲು!"

"ಬೈಲಿ ಬಿಡು" ಎಂದಳು ಆಯಿ ಪಡಸಾಲೆಯಿಂದ. "ಬೈದು ಹೇಳವ್ರು ಬದಕಾಕ ಹೇಳತಾರ."

ನನಗೆ ಅಳು ಬಂತು. ಇಪ್ಪತ್ತು ದಿನದಿಂದ ಬಾರದಿದ್ದ ಅಳು. ಕೂಸು ಅದಕ್ಕೆಲ್ಲ ಸೊಪ್ಪು ಹಾಕದೆ ಕುಡಿಯುತ್ತಲೇ ಇತ್ತು.