ನಮ್ಮ ಚೀಲದ ಮಾಯಾವಸ್ತುಗಳು

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಾನು ಕಲಬುರ್ಗಿಯಿಂದ ಬಂದು, ಕಮ್ಮನಹಳ್ಳಿಯಲ್ಲಿ ಬಾಡಿಗೆ ಕೋಣೆ ಹಿಡಿದು, ಕೆ.ಆರ್. ಪುರದ ಕಡೆಯ ಒಂದು ಆಫೀಸಿಗೆ ಹೋಗುತ್ತಿದ್ದೆ. ಭಾನುವಾರ ಬಂದರೆ ಬಟ್ಟೆ ಒಗೆದು ಮಲಗುವುದು ಬಿಟ್ಟು ಬೇರೆ ಉದ್ಯೋಗವಿರಲಿಲ್ಲ. ಪಕ್ಕದ ಮೇಜಿನ ಸಹೋದ್ಯೋಗಿ ಹಲಸೂರಿನವನು. ಒಂದು ಶನಿವಾರ ಅವನು, "ಮೇಡಂ, ನಾಳೆ ಊಟ ಆದ್ಮೇಲೆ ನಮ್ಮನೆಗೆ ಬರ್ತೀರಾ? ಒಂದು ಆಟ ಆಡ್ತೀವಿ, ಒಬ್ರು ಕಮ್ಮಿ ಇದ್ದಾರೆ" ಅಂದ. ಇಸ್ಪೀಟಿರಬೇಕು ಅಂದುಕೊಂಡು ಹೋದೆ.

ಇಸ್ಪೀಟಲ್ಲ. ಒಬ್ಬರು ಕಥೆ ಹೇಳಬೇಕು, ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗಬೇಕು. ಎದುರಿಗೆ ರಾಕ್ಷಸ ಬಂದರೆ ನಾನೇನು ಮಾಡುತ್ತೇನೆಂದು ನಾನೇ ಹೇಳಬೇಕು. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಕಥೆ ಹೇಳುವವನು ನನ್ನ ಸಹೋದ್ಯೋಗಿ. ಆಡುವವರು ಶಿವಾಜಿನಗರದಲ್ಲಿ ಚಿಕ್ಕಪ್ಪನ ಬ್ಯಾಗಿನ ಅಂಗಡಿ ನೋಡಿಕೊಳ್ಳುತ್ತಿದ್ದ ಅವನ ಶಾಲೆಯ ಗೆಳೆಯ, ಅದೇ ಬೀದಿಯ ಒಬ್ಬ ನರ್ಸ್, ಮತ್ತೆ ನಾನು. ನನ್ನದು ಬಿಲ್ಲುಗಾರ್ತಿಯ ಪಾತ್ರ. ಅವರು ಇಂಗ್ಲಿಷು, ತಮಿಳು, ಕನ್ನಡ ಕಲಸಿ ಮಾತಾಡುತ್ತಿದ್ದರು. ಮೊದಲ ಕೆಲವು ವಾರ ನಾನು ಬಾಯೇ ಬಿಡಲಿಲ್ಲ. ನನ್ನ ಬಿಲ್ಲುಗಾರ್ತಿ ಎಲ್ಲರ ಹಿಂದೆ ಸುಮ್ಮನೆ ನಡೆಯುತ್ತಿದ್ದಳು.

ಒಂದು ದಿನ ಕಥೆಯ ಗುಹೆಯೊಂದರಲ್ಲಿ ಅವಳಿಗೆ ಒಂದು ಕಿಲುಬು ಹಿಡಿದ ದೀಪ ಸಿಕ್ಕಿತು. ಅದರ ಶಕ್ತಿ ಏನೆಂದು ಸಹೋದ್ಯೋಗಿ ಹೇಳಲಿಲ್ಲ. "ನೀವೇ ಕಂಡುಹಿಡೀಬೇಕು ಮೇಡಂ" ಅಂದ. ಗೆಳೆಯ ಮಂತ್ರ ಹಾಕಿ ನೋಡೆಂದ, ನರ್ಸ್ ಮಾರಿಬಿಡು ಅಂದಳು. ನನಗೆ ತಡೆಯಲಾಗಲಿಲ್ಲ.

"ದೀಪ ಅಲ್ಲೇನ್ರಿ? ಹಚ್ಚಿ ನೋಡ್ತೀನಿ."

ಎಲ್ಲರೂ ನಕ್ಕರು. ದೀಪ ಹತ್ತಿತು. ಬಿರುಗಾಳಿಗೂ ಆರದ, ಮರೆಯಾದದ್ದನ್ನು ತೋರಿಸುವ ದೀಪ ಅದು. ಅವತ್ತು ಮನೆಗೆ ಹೋಗುವಾಗ ಬಸ್ಸಿನಲ್ಲಿ ನನ್ನಷ್ಟಕ್ಕೆ ನಾನೇ ನಗುತ್ತಿದ್ದೆ. ಬೆಂಗಳೂರಿನಲ್ಲಿ ಅದುವರೆಗೆ ಯಾರೂ ನನ್ನ ಮಾತು ಕೇಳಿ ಹಾಗೆ ಖುಷಿಪಟ್ಟಿರಲಿಲ್ಲ.

ಸಹೋದ್ಯೋಗಿಯದು ಕೊಡುಗೈ. ಮಳೆಗಾಲ ಕಳೆಯುವಷ್ಟರಲ್ಲಿ ನಮ್ಮ ಚೀಲಗಳು ತುಂಬಿಹೋಗಿದ್ದವು. ಕಣ್ಣಿಗೆ ಕಾಣದಂತೆ ಮಾಡುವ ಉಂಗುರ, ಹಾರುವ ಚಾಪೆ, ಎಂಥ ಗಾಯವನ್ನೂ ಮಾಯಿಸುವ ಮದ್ದಿನ ಶೀಸೆ, ಕಲ್ಲು ಸೀಳುವ ಕತ್ತಿ. "ಈಗ ನಮ್ಮ ಮುಂದೆ ಯಾರು ನಿಲ್ತಾರೆ ಮಗಾ" ಎಂದು ಗೆಳೆಯ ಎದೆ ತಟ್ಟಿಕೊಳ್ಳುತ್ತಿದ್ದ. ನಿಜವಾಗಿ ಯಾರೂ ನಿಲ್ಲಲಿಲ್ಲ. ಎಂಥ ರಾಕ್ಷಸ ಬಂದರೂ ಚಹಾ ಆರುವ ಮೊದಲೇ ಸತ್ತುಬೀಳುತ್ತಿದ್ದ. ಬಾಗಿಲಿದ್ದರೆ ಒಡೆದೆವು, ಹೊಳೆಯಿದ್ದರೆ ಹಾರಿದೆವು. ನರ್ಸ್ ಆಟದ ನಡುವೆಯೇ ಗೋಡೆಗೊರಗಿ ತೂಕಡಿಸತೊಡಗಿದಳು.

ಸಹೋದ್ಯೋಗಿಗೆ ದಿಗಿಲಾಯಿತು. ಒಂದು ಭಾನುವಾರ ಅವನು ಕಥೆ ಶುರು ಮಾಡಿದ್ದೇ, "ನೀವು ಮಲಗಿದ್ದಾಗ ಕಳ್ಳರು ಬಂದ್ರು. ಚೀಲ ಎಲ್ಲಾ ಖಾಲಿ" ಅಂದುಬಿಟ್ಟ.

ಗೆಳೆಯನ ಮುಖ ಕೆಂಪೇರಿತು. "ದಾಳನೂ ಹಾಕ್ಲಿಲ್ಲ, ಕೇಳ್ಲೂ ಇಲ್ಲ! ಅದೆಲ್ಲ ನಾವು ಗಳಿಸಿದ್ದು ಗುರು."

"ನಾನು ಕೊಟ್ಟಿದ್ದಲ್ವೇನೋ?"

"ಕೊಟ್ಮೇಲೆ ಅದು ನಿನ್ದಲ್ಲ."

ಗೆಳೆಯ ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದ. ಮುಂದಿನ ಭಾನುವಾರ ಆಟವಿರಲಿಲ್ಲ. ಅದರ ಮುಂದಿನದೂ ಇಲ್ಲ. ನಾನು ಮತ್ತೆ ಬಟ್ಟೆ ಒಗೆದು ಮಲಗಿದೆ. ನಿದ್ದೆ ಮಾತ್ರ ಬರಲಿಲ್ಲ.

ಒಂದು ಸಂಜೆ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗ ಸಹೋದ್ಯೋಗಿ ತಾನಾಗಿಯೇ ಮಾತು ತೆಗೆದ. "ನಾನೇನು ತಪ್ಪು ಮಾಡ್ದೆ ಹೇಳಿ? ಅವೆಲ್ಲ ಇದ್ರೆ ಆಟಾನೇ ಸಾಯ್ತಿತ್ತು."

"ಕಸ್ಕೊಂಡ್ರ ಯಾರಿಗಾದ್ರೂ ಸಿಟ್ಟು ಬರ್ತದ್ರಿ" ಅಂದೆ. "ಕೊಡ್ಲಾಕ ಮನಸ್ಸು ಬರೋ ಹಂಗ ಮಾಡ್ರಿ."

ನಮ್ಮ ಅವ್ವನ ಹತ್ತಿರ ಒಂದು ದೊಡ್ಡ ತಾಮ್ರದ ಹಂಡೆ ಇತ್ತು. ಓಣಿಯಲ್ಲಿ ಯಾರ ಮನೆಯ ಮದುವೆಯಾದರೂ ಅದು ಅಲ್ಲಿಗೆ ಹೋಗುತ್ತಿತ್ತು. ಮನೆಯಲ್ಲಿದ್ದದ್ದಕ್ಕಿಂತ ಹೊರಗೆ ಇದ್ದದ್ದೇ ಹೆಚ್ಚು. ಹಂಡೆ ಕೊಟ್ಟು ಕಳಿಸುವಾಗ ಅವ್ವನ ಮುಖ ನೋಡಬೇಕಿತ್ತು, ತಾನೇ ಮದುವೆ ಮಾಡಿಸುತ್ತಿರುವವಳ ಹಾಗೆ ಇರುತ್ತಿತ್ತು. ಬಸ್ಸು ಬರುವ ತನಕ ಇದನ್ನೇ ಅವನಿಗೆ ಹೇಳಿದೆ. ಅವನು ಬಸ್ಸು ಹತ್ತುವುದನ್ನೇ ಮರೆತು ನಿಂತಿದ್ದ.

ಇಬ್ಬರೂ ಶಿವಾಜಿನಗರದ ಅಂಗಡಿಗೆ ಹೋದೆವು. ಗೆಳೆಯ ಗಿರಾಕಿಗಳಿಗೆ ಬ್ಯಾಗು ತೋರಿಸುತ್ತಲೇ ಇದ್ದ, ನಮ್ಮ ಕಡೆ ತಿರುಗಲಿಲ್ಲ. ಕಡೆಗೆ ಸಹೋದ್ಯೋಗಿಯೇ ಸೋತ. "ಕಳ್ಳರು ಬಂದೇ ಇಲ್ಲ ಕಣೋ. ಅದು ಕೆಟ್ಟ ಕನಸು. ಸರೀನಾ?"

"ಕತ್ತಿನೂ ವಾಪಸ್?"

"ಕತ್ತಿನೂ."

"ಹಂಗಾದ್ರೆ ಚಾಯ್ ಹೇಳ್ತೀನಿ ಇರ್ರಿ" ಅಂದ ಗೆಳೆಯ.

ಆ ಭಾನುವಾರ ಕಥೆ ನಮ್ಮನ್ನು ಒಂದು ಹೊಳೆಯ ದಂಡೆಯ ಹಳ್ಳಿಗೆ ಕರೆದುಕೊಂಡು ಹೋಯಿತು. ಮಂಜಿನಲ್ಲಿ ಬಂಡೆ ಕಾಣದೆ ಅಲ್ಲಿ ದೋಣಿಗಳು ಒಡೆಯುತ್ತಿದ್ದವು. ಗುಡ್ಡದಾಚೆ ಹೆರಿಗೆ ನೋವೆಂದರೆ ಸೂಲಗಿತ್ತಿ ಮುಟ್ಟುವಷ್ಟರಲ್ಲಿ ಹೊತ್ತು ಮೀರುತ್ತಿತ್ತು. ಸಹೋದ್ಯೋಗಿ ಇಷ್ಟು ಹೇಳಿ ಚಹಾ ಲೋಟ ಎತ್ತಿಕೊಂಡ. ಏನನ್ನೂ ಕೇಳಲಿಲ್ಲ. ಆ ದೀಪ ಕೊಡುವುದು ನನಗೂ ಸುಲಭವಿರಲಿಲ್ಲ, ಬರೀ ಮಾತಿನ ದೀಪವಾದರೂ.

"ಅಂಬಿಗನ ಕೈಯಾಗ ದೀಪ ಕೊಡ್ತೀನಿ" ಅಂದೆ. "ದಂಡಿ ಮ್ಯಾಲ ಕಂಬಕ್ಕ ಕಟ್ಟಲಿ."

ಗೆಳೆಯ ನನ್ನನ್ನು ದುರುಗುಟ್ಟಿ ನೋಡಿದ. ನರ್ಸ್ ನೆಟ್ಟಗೆ ಕೂತಳು. ಸಹೋದ್ಯೋಗಿ ಅಂಬಿಗನ ದನಿಯಲ್ಲಿ, ದೋಣಿ ಕಟ್ಟುವ ಈ ಕಡವಿಗೆ ಯಾರ ಹೆಸರಿಡಲಿ ತಾಯಿ ಎಂದು ಕೇಳಿದಾಗ ನಮ್ಮ ಅವ್ವನ ಹೆಸರು ಹೇಳಿದೆ. ಮರುಕ್ಷಣ ನರ್ಸ್ ತನ್ನ ಶೀಸೆಯನ್ನು ಹಳ್ಳಿಯ ವೈದ್ಯನಿಗೆ ಕೊಟ್ಟಳು; ಹನಿ ಹನಿಯಾಗಿ ಹೇಗೆ ಬಳಸಬೇಕೆಂದು ಪಾಠವನ್ನೂ ಮಾಡಿದಳು. ಗೆಳೆಯ ಬಹಳ ಹೊತ್ತು ದಾಳವನ್ನು ಅಂಗೈಯಲ್ಲಿ ಉರುಳಿಸುತ್ತ ಕೂತಿದ್ದ.

"ಸೂಲಗಿತ್ತಿಗೆ ಚಾಪೆ ಕೊಟ್ಬಿಟ್ಟೆ ಗುರು. ಆದ್ರೆ ಕತ್ತಿ ಕೊಡಲ್ಲ, ಕೇಳ್ಲೇಬೇಡ."

ಯಾರೂ ಕೇಳಲಿಲ್ಲ. ಮುಂದಿನ ವಾರ ನಾವು ಗುಹೆಯೊಂದರಲ್ಲಿ ಕತ್ತಲೆಗೆ ಹೆದರಿ, ಒಬ್ಬರ ಸೆರಗು ಒಬ್ಬರು ಹಿಡಿದು ತೆವಳಿದೆವು. ನರ್ಸ್ ತೂಕಡಿಸಲಿಲ್ಲ, ಕಿರುಚಿದಳು.

ಮುಂದೆ ನರ್ಸ್‌ಗೆ ದೂರದಲ್ಲಿ ಕೆಲಸ ಸಿಕ್ಕಿತು, ಗೆಳೆಯ ಅಂಗಡಿ ದೊಡ್ಡದು ಮಾಡಿದ, ಹಲಸೂರಿನ ಆಟ ತಾನಾಗಿ ನಿಂತಿತು. ಅಷ್ಟರಲ್ಲಿ ನಾನು ಬಾಣಸವಾಡಿಯ ಮನೆಯೊಂದಕ್ಕೆ ಬಂದಿದ್ದೆ. ಜೊತೆಗೆ ಬೀದರಿನ ಕಡೆಯ ಇಬ್ಬರು ಹುಡುಗಿಯರು. ಅವರನ್ನು ಕೂರಿಸಿಕೊಂಡು ನಾನೇ ಕಥೆ ಹೇಳತೊಡಗಿದೆ, ಅಪ್ಪಟ ನಮ್ಮ ಕಡೆಯ ಕನ್ನಡದಲ್ಲಿ. ಮೊದಲ ದಿನವೇ ಒಬ್ಬಳಿಗೆ ಒಂದು ಮಾಯಾ ಹಲಗೆ, ಅಂದರೆ ತಮಟೆ, ಸಿಕ್ಕಿತು. ಅದರ ಶಕ್ತಿ ನೋಡಬೇಕೆಂದು ಅವಳು ನೆಲದ ಮೇಲೆ ಎರಡೂ ಕೈಯಿಂದ ಬಾರಿಸಿದಳು, ಇನ್ನೊಬ್ಬಳು ಎದ್ದು ಕುಣಿದಳು. ಕೆಳಗಿನ ಮನೆಯಿಂದ ಮಾಲಕಿ ಆಂಟಿ ಮೆಟ್ಟಿಲು ಹತ್ತಿ ಬಂದೇಬಿಟ್ಟರು.

"ಏನ್ರಮ್ಮಾ ಗಲಾಟೆ? ಸೂರು ಕಿತ್ಕೊಂಡ್ ಬರತ್ತೆ!"

ಹೆದರಿ ಹೆದರಿ ಎಲ್ಲ ವಿವರಿಸಿದೆ. ಬೆಟ್ಟ, ಬೆಟ್ಟದ ಮೇಲೆ ಮಲಗಿದ ರಾಕ್ಷಸ, ಇವಳ ಕೈಯಲ್ಲಿ ಹಲಗೆ. ಆಂಟಿ ಸೊಂಟದ ಮೇಲೆ ಕೈಯಿಟ್ಟು ಕೇಳಿದರು. ಆಮೇಲೆ ಸೀರೆ ಸರಿಮಾಡಿಕೊಂಡು ನಮ್ಮ ನಡುವೆ ಚಾಪೆಯ ಮೇಲೆ ಕೂತರು.

"ಮೆಲ್ಲಗೆ ಬಾರ್ಸೇ ಹುಡ್ಗಿ, ಅವನು ಎದ್ಬಿಟ್ರೆ?" ಅಂದರು. "ಸರಿ, ನಾನ್ಯಾರು ಈಗ?"