ಫುಪ್ಪುವಿನ ಕೋಳಿಗಳು

ನಮ್ಮ ಫುಪ್ಪು, ಅಂದರೆ ಅಪ್ಪನ ತಂಗಿ, ಮದುವೆಯಾದ ಕೆಲವೇ ತಿಂಗಳಲ್ಲಿ ಗಂಡನನ್ನು ಕಳೆದುಕೊಂಡು ಬ್ಯಾಡಗಿಯ ನಮ್ಮ ಮನೆಗೆ ವಾಪಸು ಬಂದಳು. ಬರುವಾಗ ಕಂಕುಳಲ್ಲಿ ಒಂದು ಕೆಂಪು ಹೇಂಟೆ ಇತ್ತು. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ನಮ್ಮ ಹಿತ್ತಲ ತುಂಬ ಅದರದೇ ಸಂತಾನ.

ಮೆಣಸಿನಕಾಯಿ ಸುಗ್ಗಿಯಲ್ಲಿ ಹೆಂಗಸರು ಅಂಗಳದಲ್ಲಿ ಕೂತು ತೊಟ್ಟು ಬಿಡಿಸುವಾಗ ಉದುರಿದ ಬೀಜವನ್ನೆಲ್ಲ ಕೋಳಿಗಳು ಹೆಕ್ಕಿ ತಿನ್ನುತ್ತಿದ್ದವು. ಅದಕ್ಕೇ ಈ ಮನೆಯ ತತ್ತಿ ಒಳಗೆ ಅಷ್ಟು ಕೆಂಪು ಎಂದು ಓಣಿಯವರ ನಂಬಿಕೆ. ಬಾಣಂತಿ ಇರುವ ಮನೆಯವರು, ಗರಡಿಮನೆಯವರು ಬೆಳಿಗ್ಗೆಯೇ ಬಾಗಿಲಿಗೆ ಬರುತ್ತಿದ್ದರು.

ಹಾಗೇ ಬಂದವನು ಮೇಡ್ಲೇರಿಯ ಒಬ್ಬ ರೈತ. ಅವನ ತಂಗಿ ನಮ್ಮ ಓಣಿಯಲ್ಲಿ ಹಡೆದಿದ್ದಳು. ಫುಪ್ಪು ಒಂದೊಂದೇ ತತ್ತಿಯನ್ನು ಬಿಸಿಲಿಗೆ ಹಿಡಿದು ನೋಡಿ, "ಇದು ಇವತ್ತಿಂದು, ತೊಗೋರಿ" ಎಂದು ಕೊಟ್ಟಳು. ತಂಗಿಯ ಬಾಣಂತನ ಮುಗಿದರೂ ಅವನು ಬರುವುದು ನಿಲ್ಲಲಿಲ್ಲ.

"ಮೇಡ್ಲೇರ್ಯಾಗ ಕೋಳಿ ಇಲ್ಲೇನ್ರಿ?" ಅಂತ ಅಮ್ಮ ಒಂದು ದಿನ ಕೇಳಿಯೇ ಬಿಟ್ಟಳು.

ಅವನು ತಲೆ ತಗ್ಗಿಸಿ, "ಕೋಳಿ ಅದಾವ್ರಿ. ಸಾಕಾವ್ರು ಇಲ್ಲ" ಅಂದ. ಹೆಂಡತಿ ತೀರಿಕೊಂಡಿದ್ದಳು, ಇಬ್ಬರು ಸಣ್ಣ ಹೆಣ್ಣುಮಕ್ಕಳು. ಒಳಗಿದ್ದ ಫುಪ್ಪು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವರಿಬ್ಬರ ನಿಕಾಹ್ ಆಯಿತು. ಫುಪ್ಪು ಕೋಳಿಗಳನ್ನು ನನಗೆ ಒಪ್ಪಿಸಿ ಮೇಡ್ಲೇರಿಗೆ ಹೋದಳು. ಸಂಜೆ ನಾನು ಅವಳ ದನಿಯಲ್ಲೇ "ಬಾ ಬಾ ಬಾ" ಅನ್ನುತ್ತಿದ್ದೆ. ಅವು ತಲೆ ಎತ್ತಿ, ನನ್ನನ್ನು ಬಿಟ್ಟು ಬಾಗಿಲ ಕಡೆ ನೋಡುತ್ತಿದ್ದವು. ಆಮೇಲೆ ಗೂಡಿನಲ್ಲಿ ಮೊಟ್ಟೆಯಿಡುವುದನ್ನೇ ಬಿಟ್ಟು ಪಕ್ಕದವರ ಬೇಲಿಯಲ್ಲಿ, ಮೆಣಸಿನಕಾಯಿ ಚೀಲಗಳ ಸಂದಿಯಲ್ಲಿ ಇಡತೊಡಗಿದವು. ಬೆಕ್ಕಿಗೆ ಹಬ್ಬ. "ನಿನ್ನ ಕೈಲೆ ಆಗೂದಿಲ್ಲ ಬಿಡವ್ವಾ" ಎಂದು ಅಮ್ಮ, ಕೋಳಿಗಳನ್ನೆಲ್ಲ ಬುಟ್ಟಿಗೆ ಹಾಕಿ, ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದಳು. ರಾಣೇಬೆನ್ನೂರಲ್ಲಿ ಬಸ್ಸು ಬದಲಿಸಿದೆವು. ದಾರಿಯುದ್ದಕ್ಕೂ ಫುಪ್ಪುವಿಗೆ ಹೇಳಬೇಕಾದದ್ದನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡೆ.

ಅವಳು ಹೊಳೆದಂಡೆಯ ಹೊಲದಿಂದ ಓಡಿ ಬಂದು ನನ್ನನ್ನು ಅಪ್ಪಿಕೊಂಡಳು. ಮೈ ತುಂಬಿಕೊಂಡಿತ್ತು. ಹಿಂದೆಯೇ ಬಂದ ದೊಡ್ಡ ಹುಡುಗಿ, ನನಗಿಂತ ಸ್ವಲ್ಪ ಚಿಕ್ಕವಳು, "ಅಮ್ಮೀ, ಇವು ನಮ್ಮವೇನ?" ಅಂತ ಬುಟ್ಟಿ ಇಣುಕಿದಳು. ಆ ಒಂದು "ಅಮ್ಮೀ" ಕೇಳಿದ್ದೇ, ಜೋಡಿಸಿಟ್ಟ ಮಾತೆಲ್ಲ ಬಿಟ್ಟು ಬುಟ್ಟಿಯನ್ನು ಆ ಹುಡುಗಿಯ ಕೈಗೆ ಕೊಟ್ಟೆ.

ಹೊರಡುವಾಗ ಮಾತ್ರ ಫುಪ್ಪುವಿನ ಕೈ ಬಿಡಲಿಲ್ಲ. "ನಮ್ಮ ಮನಿಗೆ ಬಂದುಬಿಡು" ಅಂದೆ.

"ಹೆಂಗ ಬರಲೆವ್ವಾ?" ಅಂದಳು. ಕಣ್ಣು ತುಂಬಿತ್ತು, ಆದರೂ ನಗುತ್ತಿದ್ದಳು. "ಇದೂ ನನ್ನ ಮನಿನ ಅಲ್ಲೇನ?"

ಅವಳ ಬಾಳು ಹಸನಾಯಿತು. ಆಮೇಲೂ ರಂಜಾನಿಗೆ, ಮದುವೆ ಮುಂಜಿಗಳಿಗೆ ಅವಳನ್ನು ನೋಡುತ್ತಲೇ ಇದ್ದೆ. ಸುತ್ತ ಯಾವಾಗಲೂ ಮಕ್ಕಳು, ಜನ. ಒಂದೇ ಒಂದು ಮಧ್ಯಾಹ್ನ ಅವಳು ನನಗೊಬ್ಬಳಿಗೇ ಸಿಕ್ಕಬೇಕೆಂದು ಈಗಲೂ ಆಸೆಯಾಗುತ್ತದೆ.